ಕೆಂಪು ಪೆನ್ನಿಗಿಲ್ಲದ ಪೂಜೆ

ಉಗುರಿಗೆ ಹಚ್ಚುವ ಬಣ್ಣದ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯ ರೂತ್ ಆಂಟಿಯ ಊಟದ ಮೇಜು ನನ್ನ ಕಣ್ಣ ಮುಂದೆ ಬರುತ್ತದೆ. ಆ ಮೇಜಿನ ಮೇಲೆ ಊಟ ನಡೆದದ್ದನ್ನು ಮಾತ್ರ ನಾನು ಕಂಡವಳಲ್ಲ. ಅಲ್ಲಿದ್ದದ್ದು ಟೈಪ್‌ರೈಟರು, ಸೈಕ್ಲೋಸ್ಟೈಲ್ ಯಂತ್ರ, ಸ್ಟೆನ್ಸಿಲ್ಲಿನ ತಪ್ಪು ಮುಚ್ಚುವ ಗುಲಾಬಿ ದ್ರವದ ಪುಟ್ಟ ಶೀಷೆ. ವಾಸನೆ ಆ ಶೀಷೆಯದು. ರೂತ್ ಆಂಟಿ ಚಿಕ್ಕ ಹುಡುಗಿಯಾಗಿದ್ದಾಗ ಯೂರೋಪಿನಿಂದ ಜೀವ ಉಳಿಸಿಕೊಂಡು ಓಡಿಬಂದ ಯೆಹೂದಿ ಮನೆತನದವಳು. ನೈರೋಬಿಯಲ್ಲಿದ್ದ ಬೆರಳೆಣಿಕೆಯ ಯೆಹೂದಿ ಮನೆಗಳಿಗಾಗಿ ತಿಂಗಳಿಗೊಂದು ಪತ್ರಿಕೆ ತರುತ್ತಿದ್ದಳು. ತಮ್ಮವರು ಯಾರು ಏನು ಬರೆದರು, ಯಾವ ಪುಸ್ತಕ ಹಡಗಿನಲ್ಲಿ ಬಂದಿದೆ, ಯಾವ ಸಂಪಾದಕರು ಕತೆ ಕೇಳಿದ್ದಾರೆ, ಎಲ್ಲ ಅದರಲ್ಲಿರುತ್ತಿತ್ತು. ಎದುರು ಕಾಂಪೌಂಡಿನಲ್ಲಿದ್ದ ನಮಗೂ ಒಂದು ಪ್ರತಿ ಬರುತ್ತಿತ್ತು. ನಾವು ಮೈಸೂರಿನ ಕಡೆಯ ಹಿಂದೂಗಳು, ಅಪ್ಪ ನೈರೋಬಿಯಲ್ಲಿ ಲೆಕ್ಚರರ್. ಆದರೂ ಬರುತ್ತಿತ್ತು, ಯಾಕೆಂದರೆ ಅಮ್ಮ ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಿದ್ದಳು.

ಮಧ್ಯಾಹ್ನ ಅಡುಗೆಮನೆ ತೊಳೆದಾದ ಮೇಲೆ ಅಮ್ಮ ರಸ್ತೆ ದಾಟಿ ಹೋಗಿ ಹಾಳೆ ಜೋಡಿಸಿ ಪಿನ್ನು ಹೊಡೆದು ಕೊಡುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಹಿಂದೆಯೇ. ಅಲ್ಲಿ ಅಮ್ಮ ಬೇರೆಯೇ ಹೆಂಗಸು, ನಗುತ್ತಿದ್ದಳು, ವಾದಕ್ಕೂ ಇಳಿಯುತ್ತಿದ್ದಳು! ಒಂದು ಸಲ ಪತ್ರಿಕೆಯಲ್ಲಿ ಕರೆ ಬಂತು. ಹುಟ್ಟಿದ ಊರು ಬಿಟ್ಟು ಬಂದ ಹೆಂಗಸರ ಕತೆಗಳ ಸಂಕಲನ ಲಂಡನ್ನಿನಲ್ಲಿ ಅಚ್ಚಾಗಲಿದೆ, ಯೆಹೂದಿಯರೇ ಆಗಬೇಕೆಂದಿಲ್ಲ. "ಯೂ ರೈಟ್," ಎಂದಳು ರೂತ್ ಆಂಟಿ, ಅಮ್ಮನ ಕಡೆ ಬೆರಳು ತೋರಿಸಿ. ಅಮ್ಮ ಬರೆದಳು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಒಲೆಯ ಮೇಲೆ ಬೇಳೆ ಬೇಯುವಷ್ಟು ಹೊತ್ತು ಬರೆಯುತ್ತ, ಹೊಡೆದುಹಾಕುತ್ತ, ಮತ್ತೆ ಬರೆಯುತ್ತ ಮಳೆಗಾಲವೆಲ್ಲ ಕಳೆದಳು. ಅವಳಿಗೆ ಅದಕ್ಕಿಂತ ದೊಡ್ಡ ಆಸೆ ಇದ್ದದ್ದು ನನಗೆ ಗೊತ್ತಿಲ್ಲ.

ಕತೆ ಮುಗಿದು ನೀಟಾಗಿ ಪ್ರತಿ ಮಾಡಿಟ್ಟ ದಿನವೇ ನವರಾತ್ರಿಯ ಸರಸ್ವತಿ ಪೂಜೆ ಬಂತು. ನಮ್ಮಲ್ಲಿ ಆ ದಿನ ಪುಸ್ತಕ, ಪೆನ್ನು ಎಲ್ಲ ದೇವರ ಮುಂದೆ ಇಡಬೇಕು, ವಿಜಯದಶಮಿಯವರೆಗೆ ಯಾರೂ ಓದಬಾರದು, ಬರೆಯಬಾರದು. ಊರಿನಿಂದ ಬಂದಿದ್ದ ಸೋದರತ್ತೆ, ಅಪ್ಪನ ಅಕ್ಕ, ಅಮ್ಮ ಸ್ನಾನಕ್ಕೆ ಹೋಗಿದ್ದಾಗ ನನ್ನ ಪಠ್ಯಪುಸ್ತಕಗಳ ಜೊತೆ ಆ ಹಾಳೆಗಳನ್ನೂ ಪೇರಿಸಿ ಅರಿಶಿನ ಕುಂಕುಮ ಹಚ್ಚಿಬಿಟ್ಟಿದ್ದರು. ರೂತ್ ಆಂಟಿ ಕಳಿಸುವ ಕತೆಗಳ ಕಟ್ಟು ಲಂಡನ್ನಿಗೆ ಹೊರಡುವುದು ಶುಕ್ರವಾರ, ದಶಮಿ ಶನಿವಾರ. ಅಮ್ಮ ಕೈ ಮುಗಿದು ಕೇಳಿದಳು. "ಬರೀ ಹಾಳೆ ಅಕ್ಕಾ, ತೆಕ್ಕೊಂಡು ಕೊಟ್ಟು ಬರ್ತೀನಿ."

"ಬರೆದದ್ದು ಅಂದ್ಮೇಲೆ ಸರಸ್ವತಿ ಕಣೇ. ಇಟ್ಟದ್ದನ್ನ ಮಧ್ಯೆ ಎತ್ತೋದಾ? ಮಗು ವಿದ್ಯೆಗೆ ಕುತ್ತು ತರ್ತೀಯಾ?" ಎಂದರು ಅತ್ತೆ. ಮಗು ಎಂದರೆ ನಾನು. ನನ್ನ ಹೆಸರು ಹೇಳಿಯೇ ಅವಳ ಬಾಯಿ ಮುಚ್ಚಿಸಿದರು. ಆ ಉರಿ ನನಗೆ ಇವತ್ತಿಗೂ ಆರಿಲ್ಲ.

ಶುಕ್ರವಾರ ಮಧ್ಯಾಹ್ನ ರೂತ್ ಆಂಟಿಯೇ ಬಂದಳು. ಹೊತ್ತು ಮುಳುಗಿದರೆ ಅವಳ ಧರ್ಮದ ವಾರದ ವಿರಾಮ, ಸಬ್ಬತ್, ಶುರು, ಆಮೇಲೆ ಶನಿವಾರ ಕತ್ತಲಾಗುವವರೆಗೆ ಅವಳೂ ಪೆನ್ನು ಮುಟ್ಟುವವಳಲ್ಲ. ಹಾಗಾಗಿ ಅಮ್ಮ ದೇವರ ಗೂಡನ್ನು ತೋರಿಸಿ ತಡವರಿಸುತ್ತ ಹೇಳಿದ್ದು ಅವಳಿಗೆ ಥಟ್ಟನೆ ಅರ್ಥವಾಯಿತು. "ಪೋಲೆ, ಮೈ ಡಿಯರ್," ಎಂದು ನೈರೋಬಿಯ ರೂಢಿಯಂತೆ ಸ್ವಾಹಿಲಿಯಲ್ಲೇ ಮರುಗಿ ತಿರುಗಿದವಳು ವರಾಂಡದಲ್ಲಿ ಹಾಗೇ ನಿಂತಳು. ಅಲ್ಲಿ ಅಪ್ಪ ಬೆತ್ತದ ಕುರ್ಚಿಯಲ್ಲಿ ಕೂತು ಕೆಂಪು ಪೆನ್ನಿನಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದ. ಪಕ್ಕದಲ್ಲಿ ಅತ್ತೆಯೇ ಇಟ್ಟುಕೊಟ್ಟ ಕಾಫಿ.

"ಮತ್ತೆ ಅವರು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು ರೂತ್ ಆಂಟಿ.

ಅಪ್ಪ ತಲೆಯೆತ್ತಿ ನಕ್ಕ. "ದಿಸ್ ಈಸ್ ವರ್ಕ್, ಮೇಡಂ."

ರೂತ್ ಆಂಟಿ ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡುತ್ತಿದ್ದಳು. ಗೇಟು ಕಾಯುವ ಆಸ್ಕರಿ ಬಾಗಿಲು ತೆಗೆದ, ಆಂಟಿ ರಸ್ತೆ ದಾಟಿದಳು, ಅಷ್ಟೇ. ಮರುದಿನ ದಶಮಿ. ಅಮ್ಮ ಪುಸ್ತಕಗಳನ್ನೆಲ್ಲ ಗೂಡಿನಿಂದ ಇಳಿಸಿ, ನನ್ನ ಕೈಲಿ ನಾಲ್ಕು ಸಾಲು ಓದಿಸಿ, ತನ್ನ ಹಾಳೆಗಳನ್ನು ಮಾತ್ರ ಅಲ್ಲೇ ಬಿಟ್ಟಳು. ಅತ್ತೆಗೆ ಅದನ್ನು ಕಂಡು ಭಕ್ತಿಯೆಂದು ಸಂತೋಷವೋ ಸಂತೋಷ.

ಅಮ್ಮ ಮತ್ತೆ ಬರೆಯಲಿಲ್ಲ. ಹಾಳೆ ಜೋಡಿಸಲು ಹೋಗುತ್ತಿದ್ದಳು, ಆದರೆ ವಾದ ಮಾಡುತ್ತಿರಲಿಲ್ಲ. ಕೆಲವು ವರ್ಷಗಳಲ್ಲಿ ರೂತ್ ಆಂಟಿಗೆ ಕಣ್ಣು ಮಂಜಾಯಿತು, ಪತ್ರಿಕೆ ನಿಂತಿತು, ಅವಳು ಪರದೇಶದಲ್ಲಿದ್ದ ಮಗಳ ಬಳಿಗೆ ಹೋದಳು. ಅವಳ ಮನೆ ಹಲ್ಲಿನ ಡಾಕ್ಟರರ ಕ್ಲಿನಿಕ್ ಆಯಿತು, ನಮ್ಮದನ್ನು ಕೆಡವಿ ಆಫೀಸು ಕಟ್ಟಿದರು. ಅಷ್ಟು ಹೊತ್ತಿಗೆ ಅತ್ತೆಯೂ ಇರಲಿಲ್ಲ, ಅಮ್ಮನೂ ಇರಲಿಲ್ಲ. ಅಮ್ಮನ ತಿಥಿಗೆ ಬಂದವರೆದುರು ಅಪ್ಪ ಹೇಳುತ್ತಿದ್ದ, "ನಮ್ಮವಳು ಎಷ್ಟು ಚೆನ್ನಾಗಿ ಬರೀತಿದ್ಳು ಗೊತ್ತಾ."

"ನೀವು ಓದಿದೀರಾ ಅಪ್ಪಾ?" ಎಂದೆ, ಎಲ್ಲರೆದುರೇ. ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರಿಸುವ ನಾನು ಅಂದು ಬೇಕೆಂದೇ ಕನ್ನಡದಲ್ಲಿ ಕೇಳಿದೆ.

"ಟೈಮ್ ಎಲ್ಲಿತ್ತಮ್ಮಾ," ಎಂದ.

ಆ ಹಾಳೆಗಳು ಈಗ ನನ್ನ ಬಳಿ ಇವೆ. ವರ್ಷವರ್ಷವೂ ಬಿದ್ದ ಕುಂಕುಮ, ದೀಪದ ಎಣ್ಣೆ, ಹೂವಿನ ನೀರು ಎಲ್ಲ ಇಳಿದು ಶಾಯಿ ಕಲಸಿಹೋಗಿದೆ. ಎಷ್ಟು ಕಣ್ಣು ಕಿರಿದು ಮಾಡಿದರೂ ಒಂದು ವಾಕ್ಯ ಪೂರ್ತಿ ಸಿಗುವುದಿಲ್ಲ. ಮೊದಲ ಹಾಳೆಯ ಮೇಲ್ತುದಿಯಲ್ಲಿ ಅವಳ ಹೆಸರೊಂದು ಉಳಿದಿದೆ, ಅಪ್ಪನ ಹೆಸರು ಸೇರಿಸದೆ ಬರೆದದ್ದು.