ಬಣ್ಣದ ಬದಿ ಗೋಡೆಗೆ

ಅಮ್ಮ ತೀರಿಕೊಂಡ ಮೇಲೆ ಇವತ್ತು ಮೊದಲ ಸಲ ಅವಳ ಗೋದಡಿ ಒಗೆದೆ. ಒದ್ದೆ ಹತ್ತಿಬಟ್ಟೆಯ ವಾಸನೆಗೆ ಉರ್ವದ ನಮ್ಮ ಬಾಡಿಗೆ ಮನೆ ನೆನಪಾಯಿತು.

ಅಲ್ಲಿ ಅಮ್ಮ ನೆರೆಯವರ ರವಿಕೆ ಹೊಲಿಯುತ್ತಿದ್ದಳು. ಕತ್ತರಿಸಿ ಉಳಿದ ಚೂರುಗಳನ್ನು ಜೋಡಿಸಿ, ಮಳೆಗಾಲವಿಡೀ ಕೂತು ತನ್ನ ಮೊದಲ ಗೋದಡಿಯಾದ ಇದನ್ನು ಹೊಲಿದಳು. ಮೂಲೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಆದರೂ ಅದನ್ನು ಒಗೆದು, ಹೆಮ್ಮೆಯಿಂದ ಎದುರಿನ ಕಂಪೌಂಡ್ ಗೋಡೆಯ ಮೇಲೆ ಬಿಸಿಲಿಗೆ ಹಾಕಿದಳು.

ಪಕ್ಕದ ಮನೆಯ ಲಿಲ್ಲಿಬಾಯಿ ನಿಂತು ನೋಡಿದರು. "ಇದು ನನ್ನ ನೀಲಿ ರವಿಕೆಯ ಬಟ್ಟೆ ಅಲ್ವಾ ಮಾರಾಯ್ತಿ? ಬಟ್ಟೆ ಸಾಕಾಗುದಿಲ್ಲ ಅಂತ ಕೈ ಗಿಡ್ಡ ಮಾಡಿದ್ದು ಇದಕ್ಕಾ?"

"ಅಯ್ಯೋ, ಉಳಿದ ಚೂರು ಬಾಯಿ. ಬೆರಳಷ್ಟು ಅಗಲ ಸಹ ಇಲ್ಲ," ಎಂದಳು ಅಮ್ಮ.

"ಚೂರಾ? ಮಂಚದಷ್ಟು ಉಂಟಲ್ಲ!"

ದಾರಿಯಲ್ಲಿದ್ದವರೆಲ್ಲ ನಕ್ಕರು. ನಾನು ನಾಚಿಕೆಯಿಂದ ಬಾಗಿಲ ಹಿಂದೆ ಸರಿದೆ. ಅಮ್ಮ ಹಸಿ ಗೋದಡಿಯನ್ನೇ ಮಡಚಿ ಒಳಗೆ ತಂದಳು.

ಆಮೇಲೆ ಯಾವಾಗ ಒಣಹಾಕಿದರೂ ಬಣ್ಣದ ಬದಿ ಗೋಡೆಗೆ, ಬಿಳಿ ಅಸ್ತರು ಹೊರಗೆ.

ಇವತ್ತು ಈಗಿನ ಮನೆಯ ತಾರಸಿಯ ಗೋಡೆಯ ಮೇಲೆ ನನ್ನ ಕೈಯೂ ಹಾಗೆಯೇ ಹಾಕಿತು. ಆ ಚೂರುಗಳನ್ನು ಗುರುತಿಸುವವರು ಇಲ್ಲಿ ಯಾರೂ ಇಲ್ಲ. ತಿರುಗಿಸಿ ಹಾಕಲು ಹೊರಟೆ. ಅಷ್ಟರಲ್ಲಿ ಮೆಟ್ಟಿಲಲ್ಲಿ ಯಾರೋ ಮಾತಾಡುತ್ತಾ ಬರುವ ಸದ್ದು ಕೇಳಿತು. ಹಾಗೆಯೇ ಬಿಟ್ಟೆ.