ಸ್ಪೀಕರಿನ ಮೇಲಿಟ್ಟ ಕೈ

ಮೊನ್ನೆ ಈಗಿನ ಮನೆಯ ಅಟ್ಟದಿಂದ ಇಳಿಸಿದ ಹಳೆಯ ಕಂಪ್ಯೂಟರಿನ ಮುಚ್ಚಳ ಬಿಚ್ಚಿದಾಗ ಮೊದಲು ಬಂದದ್ದು ಮಗ್ಗದ ಎಣ್ಣೆಯ ವಾಸನೆ. ಒಳಗೆಲ್ಲ ನೂಲಿನ ಧೂಳು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್‌ಗಳಿದ್ದವು. ಈಗ ಮಗ್ಗವೂ ಇಲ್ಲ, ಮನೆಯೂ ಇಲ್ಲ, ಆ ಜಾಗದಲ್ಲಿ ಟೈಲ್ಸ್ ಅಂಗಡಿ ಎದ್ದಿದೆ. "ಅಮ್ಮಾ, ನೀನು ಹೇಳ್ತಿದ್ದ ಆ ಕದ್ದು ನುಸುಳೋ ಗೇಮು ಈಗ್ಲೂ ಆಡೋ ಥರ ಇದ್ಯಾ?" ಎಂದಳು ಮಗಳು. "ಯಾಕಿರಲ್ಲ?" ಎಂದು ರೇಗಿದೆ. ಅವಳದೇನೂ ತಪ್ಪಿರಲಿಲ್ಲ. ಅವತ್ತಿನಿಂದ ಕೂತಲ್ಲಿ ಕೂರಲಾಗಿಲ್ಲ.

ಆ ಕಂಪ್ಯೂಟರು ಚಿಕ್ಕಪ್ಪನದು. ಸೀರೆ ಅಂಚಿನ ಡಿಸೈನ್ ತೆಗೆಯಲು ತಂದದ್ದು, ಕೆಲಸ ಮುಗಿದರೆ ಅದರಲ್ಲೇ ನಮ್ಮ ಆಟ. ಕೋಟೆಯೊಳಗೆ ನೆರಳಿಂದ ನೆರಳಿಗೆ ಹೋಗಬೇಕು, ಕಾವಲುಗಾರರ ಹೆಜ್ಜೆ ಸಪ್ಪಳ ಕೇಳಿಸಿಕೊಂಡು ಅಡಗಬೇಕು. ಆದರೆ ನಮ್ಮಲ್ಲಿ ಕರೆಂಟಿದ್ದರೆ ಮಗ್ಗಗಳೂ ಓಡುತ್ತಿದ್ದವು. ಪಕ್ಕದಲ್ಲಿ ಕೂತವರ ಮಾತೇ ಕೇಳದ ಗದ್ದಲದಲ್ಲಿ ಹೆಜ್ಜೆ ಸಪ್ಪಳವೆಲ್ಲಿ ಕೇಳಬೇಕು? ಅದಕ್ಕೆ ಚಿಕ್ಕಪ್ಪ ಒಂದು ಉಪಾಯ ಹುಡುಕಿದ್ದ. ನಾನು ಸ್ಪೀಕರಿನ ಮೇಲೆ ಅಂಗೈ ಊರಿ ಕೂರಬೇಕು. ಕಾವಲುಗಾರ ಹತ್ತಿರ ಬಂದಂತೆ ಅಂಗೈ ಜುಮುಜುಮು ಎನ್ನುತ್ತಿತ್ತು. ಚಿಕ್ಕಪ್ಪನ ಮೊಣಕಾಲಿಗೆ ತಟ್ಟುತ್ತಿದ್ದೆ, ಅವನು ಸರಕ್ಕನೆ ಕತ್ತಲಿಗೆ ಸರಿಯುತ್ತಿದ್ದ. ಊರಲ್ಲಿ ನನ್ನಷ್ಟು ಮುಖ್ಯವಾದ ಮನುಷ್ಯರಿಲ್ಲ ಎಂದೇ ನನ್ನ ಭಾವನೆ.

ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಅಂಥದೊಂದು ದಿನ ಮನೆ ತಣ್ಣಗಿತ್ತು, ಆಟದ ಸದ್ದೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ಚಿಕ್ಕಪ್ಪ ನನ್ನ ಕೈ ಹಿಡಿದು ಸ್ಪೀಕರಿನ ಮೇಲಿಟ್ಟ. ನಾನು ಕೈ ಕಿತ್ತುಕೊಂಡೆ. "ಕೈ ತೆಗೀಬೇಡ ಕಣೇ ಪುಟ್ಟಿ" ಎಂದ. ಅಷ್ಟರಲ್ಲಿ ಕೋಟೆಯ ಬಾಗಿಲ ಬಳಿ ಸಿಕ್ಕಿಬಿದ್ದ. ಮನೆಯವರೆಲ್ಲ ಊಟಕ್ಕೆ ಕೂತಿದ್ದರು; ಅವರ ಮುಂದೆಯೇ ನಕ್ಕು, "ಚಿಕ್ಕಪ್ಪಂಗೆ ಕಿವೀನೇ ಕೇಳ್ಸಲ್ಲ!" ಎಂದು ಕೂಗಿದೆ. ಯಾರೂ ನಗಲಿಲ್ಲ. ಮಗ್ಗ ಅವನ ಕಿವಿಯನ್ನು ತಿಂದಿದ್ದು ಅಂದು ಎಲ್ಲರಿಗೂ ತಿಳಿಯಿತು. ಅವನು ಬಯ್ಯಲಿಲ್ಲ, ಮೆಲ್ಲಗೆ ಸ್ವಿಚ್ ಆರಿಸಿ ಎದ್ದುಹೋದ. ಆಮೇಲೆ ಒಂದು ದಿನವೂ ಆಟಕ್ಕೆ ಕರೆಯಲಿಲ್ಲ. ಕೇಳಬೇಕಿತ್ತು, ಕ್ಷಮಿಸು ಎನ್ನಬೇಕಿತ್ತು. ನಾಳೆ, ನಾಡಿದ್ದು ಎಂದುಕೊಂಡೇ ದೊಡ್ಡವಳಾದೆ. ಅವನು ತೀರಿಕೊಂಡು ಆರು ವರ್ಷವಾಯಿತು.

ಹಳೆಯ ಕಂಪ್ಯೂಟರು ಏಳಲಿಲ್ಲ. ಮಗಳು ಅದೇ ಆಟವನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿ, ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. ಚಿತ್ರ ಒರಟು, ಕಾವಲುಗಾರರು ಶುದ್ಧ ಪೆದ್ದರು, ಮೂಗಿನ ಮುಂದೆ ನಿಂತರೂ ಕಾಣರು. ಆದರೂ ಒಂದು ಹೆಜ್ಜೆ ಕೇಳಿದರೆ ಸಾಕು, ನೆರಳಿಗೆ ಓಡುತ್ತಿದ್ದೆ. ಆಡುವಂಥದ್ದೇ, ಈಗಲೂ. ಆ ಬಾಗಿಲ ಬಳಿ ಹೋದೆ. ಚಿಕ್ಕಪ್ಪನನ್ನು ನೂರು ಸಲ ಹಿಡಿದ ದಪ್ಪ ಕಾವಲುಗಾರ ಅಲ್ಲೇ ಇದ್ದ. ಅವನು ಏನೋ ಹಾಡು ಗುನುಗುತ್ತಾನೆ. ಗುನುಗು ನಿಂತರೆ ಈ ಕಡೆ ತಿರುಗುತ್ತಾನೆ ಎಂದರ್ಥ. ಅಷ್ಟು ಸಣ್ಣ ದನಿ ಅಂಗೈಗೆ ಸಿಗುವಂಥದ್ದಲ್ಲ. ಆದರೆ ಆ ಅಮಾವಾಸ್ಯೆ ಗುನುಗು ನಿಂತದ್ದು ನನಗೆ ತಿಳಿದಿರಲೇಬೇಕು. ನಗುವ ಆತುರದಲ್ಲಿದ್ದೆ, ಹೇಳಲಿಲ್ಲ.

ಮೊದಲ ಸಲಕ್ಕೇ ದಾಟಿದೆ. ಬಾಗಿಲಾಚೆ ಏನಿದೆಯೆಂದು ಚಿಕ್ಕಪ್ಪ ಕೊನೆಗೂ ನೋಡಲಿಲ್ಲ. ಒಂದು ಚಿಕ್ಕ ಅಂಗಳ, ಬಾವಿ, ಯಾರೂ ಕಾಯದ ಬೆಳದಿಂಗಳು. ಮುಂದೆ ಹೋಗಲು ಮನಸ್ಸಾಗದೆ ಬಹಳ ಹೊತ್ತು ಅಲ್ಲೇ ನಿಂತಿದ್ದೆ.