ಗ್ರಹಣದ ಹೊತ್ತಿನ ಇಲಿಭ್ರೂಣಗಳು

ವಾಸ್ಕೋ ಸ್ಟೇಷನ್ನಿನಲ್ಲಿ ಸಿಕ್ಕ ಬಾಡಿಗೆ ಬೈಕಿನವನು ಬಿಜಾಪುರದ ಕಡೆಯವ. ನನ್ನ ತೊಡೆಯ ಮೇಲಿನ ಡಬ್ಬಿಯಲ್ಲೇನಿದೆ ಎಂದು ದಾರಿಯಲ್ಲಿ ಕೇಳಿದ.

‘ಇಲಿಯ ಭ್ರೂಣಗಳು. ಸಂಜೆಯೊಳಗೆ ಲ್ಯಾಬ್ ಮುಟ್ಟದಿದ್ದರೆ ಕೆಡ್ತವೆ’ ಎಂದೆ.

ಗಕ್ಕನೆ ಬ್ರೇಕ್ ಹಾಕಿದ. ‘ಗ್ರಹಣ ಹಿಡದೈತ್ರಿ! ಬಸುರಿ ಹೆಂಡ್ತೀನ ಮನ್ಯಾಗ ಕುಂದ್ರಿಸಿ ಬಂದೇನಿ. ಈ ಕೂಸುಗೋಳನ್ನ ಹೊರಗ ತಿರುಗಿಸಲೇನು?’

‘ಇವು ಇಲಿಗಳಪ್ಪ!’

‘ಇಲಿಗೆ ತಾಯಿ ಇರೂದಿಲ್ಲೇನ್ರಿ?’

ನಾನು ಬೈಕಿನಿಂದಿಳಿದೆ. ಡಬ್ಬಿಯನ್ನು ಚಹಾದಂಗಡಿಯೊಳಗಿಟ್ಟು ತನ್ನ ಟವೆಲ್ ಹೊದಿಸಿದ. ಗ್ರಹಣ ಬಿಟ್ಟ ಮೇಲೆ, ಬಸುರಿಯನ್ನೇ ಕೂರಿಸಿಕೊಂಡವನಂತೆ ಗುಂಡಿ ತಪ್ಪಿಸುತ್ತ ಮೆಲ್ಲಗೆ ಓಡಿಸಿದ. ಲ್ಯಾಬಿನ ಬಾಗಿಲಲ್ಲಿ, ‘ಗ್ರಹಣದ ದಿನ ಏನೂ ಕತ್ತರಿಸಬ್ಯಾಡ್ರಿ, ಕೂಸಿನ ತುಟಿ ಸೀಳತೈತಿ’ ಎಂದ.

ವಿನಯದಿಂದ ತಲೆಯಾಡಿಸಿದೆ. ಗರ್ಭದಲ್ಲಿ ತುಟಿಯ ಎರಡು ಭಾಗ ಕೂಡಿಸುವ ಜೀನ್ ಯಾವುದೆಂದು ತಿಳಿಯಲಿಕ್ಕೆ, ನಮಗೆ ಅನುಮಾನವಿದ್ದ ಒಂದನ್ನು ಆ ಭ್ರೂಣಗಳಿಂದ ಆಗಲೇ ಕತ್ತರಿಸಿಯಾಗಿತ್ತು.